ಅಮೆರಿಕದ ಬಾಡಿಗೆ ವೌಚರ್ ಮತ್ತು ಮನೆ ಮಾಲೀಕರ ಒಪ್ಪಿಗೆ

ಅಮೆರಿಕದಲ್ಲಿ ಬಡವರ ವಸತಿಗಾಗಿ ನಡೆಯುತ್ತಿರುವ ಅತಿ ದೊಡ್ಡ ಬಾಡಿಗೆ ನೆರವಿನ ಯೋಜನೆಯಲ್ಲಿ ಸರ್ಕಾರ ಒಂದು ಮನೆಯನ್ನೂ ಕಟ್ಟುವುದಿಲ್ಲ. ಖಾಸಗಿಯವರು ಕಟ್ಟಿಸಿ ಬಾಡಿಗೆಗೆ ಬಿಟ್ಟಿರುವ ಮನೆಗಳಲ್ಲಿ ಬಡವರು ನೆಲೆಸುವಂತೆ ಮಾಡಿ, ಬಾಡಿಗೆಯ ದೊಡ್ಡ ಭಾಗವನ್ನು ತಾನೇ ಮಾಲೀಕರಿಗೆ ಸಂದಾಯ ಮಾಡುತ್ತದೆ. ಸುಮಾರು 23 ಲಕ್ಷ ಕುಟುಂಬಗಳು ಈ ನೆರವನ್ನು ಪಡೆಯುತ್ತಿದ್ದು, ಅವುಗಳ ಅರ್ಹತೆಯನ್ನು ದೃಢಪಡಿಸಿ ಕೊಡುವ ಪತ್ರವನ್ನು ವೌಚರ್ ಎಂದು ಕರೆಯುತ್ತಾರೆ. ವೌಚರ್ ಕೈಗೆ ಬಂದ ಮಾತ್ರಕ್ಕೆ ಹಣವಾಗಲಿ ಮನೆಯಾಗಲಿ ದೊರೆತಂತಲ್ಲ. ಯಾರಾದರೊಬ್ಬ ಮಾಲೀಕ ಅದನ್ನು ಒಪ್ಪಿಕೊಂಡು, ಆತನ ಮನೆ ಸರ್ಕಾರಿ ತಪಾಸಣೆಯಲ್ಲಿ ತೇರ್ಗಡೆಯಾಗಿ, ಕರಾರಿಗೆ ಸಹಿ ಬಿದ್ದ ನಂತರವೇ ಸಂದಾಯ ಆರಂಭವಾಗುತ್ತದೆ. ಮನೆ ಹುಡುಕಲು ನಿಯಮದ ಪ್ರಕಾರ ಕನಿಷ್ಠ 60 ದಿನಗಳ ಕಾಲಾವಕಾಶ ಉಂಟು; ಅಷ್ಟರಲ್ಲಿ ಮನೆ ಸಿಗದೆ, ಅವಧಿಯ ವಿಸ್ತರಣೆಯೂ ದೊರೆಯದೆ ಹೋದರೆ, ವರ್ಷಗಟ್ಟಲೆ ಸರದಿಯಲ್ಲಿ ಕಾದು ಪಡೆದ ವೌಚರ್ ರದ್ದಾಗಿ ಮತ್ತೊಬ್ಬರ ಪಾಲಾಗುತ್ತದೆ. ಹತ್ತು ಕುಟುಂಬಗಳಲ್ಲಿ ಸುಮಾರು ಆರು ಮಾತ್ರ ವೌಚರ್ ಬಳಸಿ ಮನೆ ಹಿಡಿಯುವುದರಲ್ಲಿ ಸಫಲವಾಗುತ್ತವೆ ಎಂದು 2019ರ ಅಂಕಿ ಅಂಶಗಳನ್ನು ವಿಶ್ಲೇಷಿಸಿದ ಸಂಶೋಧಕರು ಕಂಡುಕೊಂಡಿದ್ದಾರೆ.

ಬೀದಿಯಲ್ಲೋ ಕಾರಿನಲ್ಲೋ ರಾತ್ರಿ ಆಶ್ರಯಕೇಂದ್ರದಲ್ಲೋ ದಿನ ದೂಡುತ್ತಿದ್ದವರ ಕೈಗೆ ಇದೇ ವೌಚರ್ ಬಂದಾಗ ಹುಡುಕಾಟ ಇನ್ನಷ್ಟು ಕಷ್ಟವಾಗುತ್ತದೆ. ಮಾಲೀಕರು ಸಾಮಾನ್ಯವಾಗಿ ಕೇಳುವ ಹಿಂದಿನ ಮನೆಯ ವಿಳಾಸ, ಹಿಂದಿನ ಮಾಲೀಕನ ಶಿಫಾರಸು, ಸಾಲ ಮರುಪಾವತಿಯ ಇತಿಹಾಸವನ್ನು ಅಂಕಗಳಲ್ಲಿ ಅಳೆಯುವ ಕ್ರೆಡಿಟ್ ಸ್ಕೋರ್, ಖಾಯಂ ಸಂಬಳದ ಚೀಟಿ ಇವುಗಳಲ್ಲಿ ಒಂದನ್ನೂ ಅವರು ತೋರಿಸಲಾರರು. 2024ರ ಜನವರಿಯ ಒಂದು ರಾತ್ರಿ ನಡೆದ ರಾಷ್ಟ್ರೀಯ ಎಣಿಕೆಯಲ್ಲಿ ಆ ದೇಶದ 7,71,480 ಜನರಿಗೆ ಮನೆಯಿರಲಿಲ್ಲ. 2007ರಲ್ಲಿ ಇಂಥ ದೇಶವ್ಯಾಪಿ ಲೆಕ್ಕ ಆರಂಭವಾದಂದಿನಿಂದ ಅದೇ ಅತಿ ಹೆಚ್ಚಿನ ಸಂಖ್ಯೆ. ಇವರನ್ನು ಮನೆಯೊಳಗೆ ಸೇರಿಸುವ ಹೊಣೆಯನ್ನು ಸರ್ಕಾರ ಹೊತ್ತುಕೊಂಡಿದ್ದರೂ, ಒಳಗೆ ಬಿಟ್ಟುಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನವನ್ನು ಲಕ್ಷಾಂತರ ಖಾಸಗಿ ಮಾಲೀಕರ ಕೈಯಲ್ಲಿ ಬಿಟ್ಟಿದೆ. ಅವರಲ್ಲಿ ದೊಡ್ಡ ಕಂಪನಿಗಳ ಜೊತೆಗೆ ಒಂದೆರಡು ಮನೆಗಳ ಬಾಡಿಗೆಯನ್ನೇ ನೆಚ್ಚಿ ನಿವೃತ್ತಿ ಜೀವನ ನಡೆಸುವವರೂ ಇದ್ದಾರೆ. ಅವರು ಏಕೆ ಒಪ್ಪುತ್ತಾರೆ, ಏಕೆ ಒಪ್ಪುವುದಿಲ್ಲ ಎಂಬುದನ್ನು ಅರಿಯದೆ ಈ ಯೋಜನೆಯ ಸಾಧನೆಯನ್ನಾಗಲಿ ಸೋಲನ್ನಾಗಲಿ ತೂಗಲಾಗದು.

ಸರ್ಕಾರ ತಾನೇ ಮಾಲೀಕನಾಗುವ ಪ್ರಯೋಗವನ್ನು ಅಮೆರಿಕ ಮೊದಲೇ ಮಾಡಿ ನೋಡಿತ್ತು. 1937ರ ವಸತಿ ಕಾಯ್ದೆಯ ಅಡಿಯಲ್ಲಿ ನಗರಗಳಲ್ಲಿ ಸಾರ್ವಜನಿಕ ವಸತಿ ಸಮುಚ್ಚಯಗಳು ಎದ್ದವು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಅವುಗಳಲ್ಲಿ ಹಲವು ನಿರ್ವಹಣೆಯ ಹಣವಿಲ್ಲದೆ, ಬಡತನ ಮತ್ತು ವರ್ಣಭೇದದ ಕೇಂದ್ರಗಳಾಗಿ ಹಾಳುಬಿದ್ದವು. ಸೇಂಟ್ ಲೂಯಿಸ್ ನಗರದ ಪ್ರುಯಿಟ್-ಐಗೋ ಎಂಬ ಸಮುಚ್ಚಯದ ಕಟ್ಟಡಗಳನ್ನು 1972ರಿಂದ ಸರ್ಕಾರವೇ ಕೆಡವಲು ತೊಡಗಿತು. 1973ರ ಜನವರಿಯಲ್ಲಿ ನಿಕ್ಸನ್ ಆಡಳಿತ ಹೊಸ ವಸತಿ ಅನುದಾನಗಳನ್ನು ತಡೆಹಿಡಿಯಿತು; 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ಕಾಯ್ದೆ ಹಳೆಯ ಶಾಸನದ 8ನೆಯ ಸೆಕ್ಷನ್ನಿಗೆ ಹೊಸ ರೂಪ ಕೊಟ್ಟಿತು. ಅಲ್ಲಿಂದ ಮುಂದೆ ಖಾಸಗಿ ಮನೆಗೆ ಸರ್ಕಾರದ ಬಾಡಿಗೆ ಎಂಬ ತತ್ತ್ವ ನೆಲೆಗೊಂಡು, ಜನರ ಬಾಯಲ್ಲಿ ಈ ಯೋಜನೆಗೆ ಇಂದಿಗೂ 'ಸೆಕ್ಷನ್ 8' ಎಂಬ ಹೆಸರೇ ಉಳಿದಿದೆ. 1998ರ ಕಾಯ್ದೆ ಅದುವರೆಗೆ ಬೇರೆ ಬೇರೆಯಾಗಿ ನಡೆಯುತ್ತಿದ್ದ ಪ್ರಮಾಣಪತ್ರ ಮತ್ತು ವೌಚರ್ ಪದ್ಧತಿಗಳೆರಡನ್ನೂ ಒಂದುಗೂಡಿಸಿ ಇಂದಿನ ಸ್ವರೂಪವನ್ನು ನೀಡಿತು.

ಯೋಜನೆಯ ಹಣ ವಾಷಿಂಗ್ಟನ್ನಿನಲ್ಲಿರುವ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯಿಂದ ಬಂದರೂ, ಮಾಲೀಕರೊಡನೆ ವ್ಯವಹರಿಸುವುದು ಊರೂರಿನ ಸಾರ್ವಜನಿಕ ವಸತಿ ಪ್ರಾಧಿಕಾರ; ಇಂಥ ಎರಡು ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ದೇಶದಲ್ಲಿವೆ. ಪ್ರತಿ ಪ್ರದೇಶದಲ್ಲಿ ಸಾಧಾರಣ ಮಟ್ಟದ ಮನೆಯೊಂದಕ್ಕೆ ಎಷ್ಟು ಬಾಡಿಗೆ ನಡೆಯುತ್ತಿದೆ ಎಂಬುದನ್ನು ಇಲಾಖೆ ವರ್ಷವರ್ಷವೂ ಮಲಗುವ ಕೋಣೆಗಳ ಸಂಖ್ಯೆಗೆ ಅನುಗುಣವಾಗಿ ಪ್ರಕಟಿಸುತ್ತದೆ. ನ್ಯಾಯಯುತ ಮಾರುಕಟ್ಟೆ ಬಾಡಿಗೆ ಎನ್ನುವ ಈ ಮೊತ್ತವನ್ನು ಸಾಮಾನ್ಯವಾಗಿ ಆ ಪ್ರದೇಶದ ನೂರು ಮನೆಗಳನ್ನು ಕಡಿಮೆ ಬಾಡಿಗೆಯಿಂದ ಹೆಚ್ಚಿನದರವರೆಗೆ ಸಾಲಾಗಿ ಇಟ್ಟರೆ ನಲವತ್ತನೆಯ ಸ್ಥಾನದಲ್ಲಿ ಬರುವ ಬಾಡಿಗೆಯ ಲೆಕ್ಕದಲ್ಲಿ ನಿಗದಿಪಡಿಸುತ್ತಾರೆ. ಅದರ ಶೇ 90ರಿಂದ ಶೇ 110ರ ನಡುವೆ ಸ್ಥಳೀಯ ಪ್ರಾಧಿಕಾರ ತನ್ನ ಸಂದಾಯದ ಮಿತಿಯನ್ನು ಗೊತ್ತುಮಾಡಿಕೊಳ್ಳುತ್ತದೆ. ಬಾಡಿಗೆದಾರ ಕೆಲವು ಕಡಿತಗಳ ನಂತರ ಉಳಿಯುವ ತನ್ನ ಆದಾಯದಲ್ಲಿ ಸುಮಾರು ಶೇ 30ರಷ್ಟನ್ನು ತೆರಬೇಕು. ಮಿಕ್ಕದ್ದು ಪ್ರಾಧಿಕಾರದ ಪಾಲು. ಉದಾಹರಣೆಗೆ ಹೀಗೆ ಲೆಕ್ಕ ಹಾಕಿದ ತಿಂಗಳ ಆದಾಯ 1,000 ಡಾಲರ್ ಆಗಿದ್ದು, ಪ್ರಾಧಿಕಾರದ ಮಿತಿಯೂ ಮನೆಯ ಬಾಡಿಗೆಯೂ 1,400 ಡಾಲರ್ ಆಗಿದ್ದರೆ, ಬಾಡಿಗೆದಾರ 300 ಡಾಲರನ್ನೂ ಪ್ರಾಧಿಕಾರ 1,100 ಡಾಲರನ್ನೂ ಕೊಡುತ್ತದೆ. ಅದೇ ಮನೆಗೆ ಮಾಲೀಕ 1,500 ಕೇಳಿದರೆ ಮಿತಿಯ ಮೇಲಿನ ನೂರು ಡಾಲರ್ ಬಾಡಿಗೆದಾರನ ಹೆಗಲಿಗೇ ಬೀಳುತ್ತದೆ. ಮೊದಲ ಬಾರಿ ಮನೆ ಹಿಡಿಯುವಾಗ ಆತನ ಪಾಲು ಆದಾಯದ ಶೇ 40ನ್ನು ಮೀರಬಾರದೆಂಬ ನಿಯಮವಿರುವುದರಿಂದ, 1,500ಕ್ಕಿಂತ ಒಂದು ಡಾಲರ್ ಹೆಚ್ಚಾದರೂ ಆ ಮನೆ ಅವನಿಗೆ ಸಿಗದು. ದುಡಿಯಲಾಗದ ಅಂಗವಿಕಲರಿಗೂ ಬಡ ವೃದ್ಧರಿಗೂ ಫೆಡರಲ್ ಸರ್ಕಾರ ಕೊಡುವ ಪೂರಕ ಭತ್ಯೆ ಒಬ್ಬರಿಗೆ 2025ರಲ್ಲಿ ತಿಂಗಳಿಗೆ ಗರಿಷ್ಠ 967 ಡಾಲರ್ ಇತ್ತು ಎಂಬುದನ್ನು ನೆನೆದರೆ, ಈ ಉದಾಹರಣೆ ಬೀದಿಯಿಂದ ಬಂದ ಅನೇಕರ ನಿಜಸ್ಥಿತಿಗೆ ಹತ್ತಿರವಾದದ್ದೆಂದು ತಿಳಿಯುತ್ತದೆ.

ಇಲ್ಲಿ ಮೂರು ಕಾಗದಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ವೌಚರ್ ಇರುವುದು ಪ್ರಾಧಿಕಾರ ಮತ್ತು ಬಾಡಿಗೆದಾರರ ನಡುವೆ. ಬಾಡಿಗೆ ಕರಾರು ಬಾಡಿಗೆದಾರ ಮತ್ತು ಮಾಲೀಕರ ನಡುವೆ. ಹಣ ಸಂದಾಯದ ಒಪ್ಪಂದ ಪ್ರಾಧಿಕಾರ ಮತ್ತು ಮಾಲೀಕರ ನಡುವೆ. ಪ್ರಾಧಿಕಾರ ತನ್ನ ಪಾಲನ್ನು ಕೊಡಲು ತಡಮಾಡಿದರೆ ಆ ಕಾರಣಕ್ಕೆ ಬಾಡಿಗೆದಾರನನ್ನು ಹೊರಹಾಕುವಂತಿಲ್ಲ. ಬಾಡಿಗೆದಾರ ಗೋಡೆಗೆ ರಂಧ್ರ ಕೊರೆದರೆ ಅದಕ್ಕೆ ಪ್ರಾಧಿಕಾರ ಜವಾಬ್ದಾರಿಯಲ್ಲ. ಕರಾರಿನ ಬಾಡಿಗೆಯ ಹೊರತಾಗಿ ಮಾಲೀಕ ಬಾಡಿಗೆದಾರನಿಂದ ಗುಟ್ಟಾಗಿ ಹೆಚ್ಚುವರಿ ಹಣ ಪಡೆಯುವುದು ನಿಷಿದ್ಧ. ಮುಂಗಡ ಠೇವಣಿಯನ್ನು ಸಾಮಾನ್ಯ ವೌಚರ್ ಭರಿಸುವುದಿಲ್ಲ. ಅದನ್ನು ಬಾಡಿಗೆದಾರನೇ ಹೊಂದಿಸಬೇಕು. ಬಹುಕಾಲ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೊಟ್ಟು ರೂಢಿಯಿರುವ ಬೆಂಗಳೂರಿನ ಓದುಗರಿಗೆ ಅಮೆರಿಕದಲ್ಲಿ ಕೇಳುವ ಒಂದೆರಡು ತಿಂಗಳ ಠೇವಣಿ ಅಲ್ಪವೆನಿಸಬಹುದು, ಆದರೆ ಅಷ್ಟೂ ಇಲ್ಲದವನಿಗೆ ಅದು ದಾಟಲಾಗದ ಹೊಸ್ತಿಲು.

ಈ ಏರ್ಪಾಡಿನಲ್ಲಿ ಮಾಲೀಕರಿಗೆ ಲಾಭವೇ ಇಲ್ಲವೆಂದಲ್ಲ. ಪ್ರಾಧಿಕಾರದ ಪಾಲು ತಿಂಗಳ ಆರಂಭದಲ್ಲಿ ನೇರವಾಗಿ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಬಾಡಿಗೆದಾರನ ಆದಾಯ ಕುಸಿದಾಗ ಆತನ ಪಾಲು ತಗ್ಗಿ ಪ್ರಾಧಿಕಾರದ ಪಾಲು ಏರುವ ಕ್ರಮ. ಸಾಮಾನ್ಯ ಬಾಡಿಗೆದಾರ ಕೆಲಸ ಕಳೆದುಕೊಂಡರೆ ಮಾಲೀಕನ ಬಾಡಿಗೆಯೂ ನಿಲ್ಲುತ್ತದೆ, ವೌಚರ್ ಇರುವವನು ಕೆಲಸ ಕಳೆದುಕೊಂಡರೆ ಸರ್ಕಾರ ಹೆಚ್ಚು ಕೊಡುತ್ತದೆ. 2020ರಲ್ಲಿ ಕೋವಿಡ್ ಕಾರಣದಿಂದ ಲಕ್ಷಾಂತರ ಜನರ ದುಡಿಮೆ ನಿಂತಾಗ ಈ ವ್ಯತ್ಯಾಸದ ಬೆಲೆ ಮಾಲೀಕರಿಗೆ ಚೆನ್ನಾಗಿಯೇ ತಿಳಿಯಿತು. ಜೊತೆಗೆ, ಮತ್ತೊಂದು ಮನೆ ಹುಡುಕುವ ಕಷ್ಟ ಗೊತ್ತಿರುವುದರಿಂದ ವೌಚರ್ ಕುಟುಂಬಗಳು ಒಂದೇ ಮನೆಯಲ್ಲಿ ಬಹುಕಾಲ ನಿಲ್ಲುವುದುಂಟು.

ಆದರೆ ಈ ಲಾಭ ಊರಿನ ಎಲ್ಲ ಬಡಾವಣೆಗಳಲ್ಲೂ ಒಂದೇ ತೆರನಾಗಿರುವುದಿಲ್ಲ. ಇಡೀ ಮಹಾನಗರ ಪ್ರದೇಶಕ್ಕೆ ಒಂದೇ ಬಾಡಿಗೆ ಮಿತಿಯನ್ನು ಇಟ್ಟಾಗ, ಬಡ ಬಡಾವಣೆಯ ಮನೆಗೆ ಆ ಮಿತಿ ಅಲ್ಲಿನ ನಿಜ ಬಾಡಿಗೆಗಿಂತ ಮೇಲಿದ್ದು, ಅನುಕೂಲಸ್ಥರ ಬಡಾವಣೆಯಲ್ಲಿ ಅದೇ ಮಿತಿ ತೀರ ಕೆಳಗಿರುತ್ತದೆ. ಹೀಗಾಗಿ ಮೊದಲ ಬಗೆಯ ಮಾಲೀಕರು ವೌಚರ್ ಬಾಡಿಗೆದಾರರನ್ನು ತಾವಾಗಿಯೇ ಹುಡುಕಿಕೊಂಡು ಹೋಗುತ್ತಾರೆ; ಎರಡನೆಯವರು ಮುಖ ತಿರುಗಿಸುತ್ತಾರೆ. ಬಾಲ್ಟಿಮೋರ್, ಡಲ್ಲಾಸ್ ಮತ್ತು ಕ್ಲೀವ್‌ಲ್ಯಾಂಡ್ ನಗರಗಳ ಮಾಲೀಕರನ್ನು ಸಂದರ್ಶಿಸಿ 2018ರಲ್ಲಿ ವರದಿ ನೀಡಿದ ಗಾರ್ಬೋಡೆನ್, ರೋಸೆನ್ ಮೊದಲಾದ ಸಂಶೋಧಕರು, ವೌಚರ್ ವ್ಯವಹಾರವನ್ನೇ ಕಸುಬಾಗಿ ಮಾಡಿಕೊಂಡ ಮಾಲೀಕರ ವರ್ಗವೊಂದನ್ನು ವಿವರಿಸಿದ್ದಾರೆ. ಮಿಲ್ವಾಕಿ ನಗರದ ಬಾಡಿಗೆಗಳನ್ನು ಪರಿಶೀಲಿಸಿದ ಮ್ಯಾಥ್ಯೂ ಡೆಸ್ಮಂಡ್ ಮತ್ತು ಕ್ರಿಸ್ಟಿನ್ ಪರ್ಕಿನ್ಸ್ ಅವರಿಗೆ, ಅಂಥದೇ ಮನೆಗೆ ವೌಚರ್ ಇಲ್ಲದವರಿಗಿಂತ ವೌಚರ್ ಇರುವವರಿಂದ ತಿಂಗಳಿಗೆ 51ರಿಂದ 68 ಡಾಲರ್ ಹೆಚ್ಚು ಬಾಡಿಗೆ ಪಡೆಯುತ್ತಿರುವುದು ಕಂಡುಬಂತು. ಬಡವರನ್ನು ಬಡ ಬಡಾವಣೆಯಿಂದ ಬಿಡಿಸಬೇಕಾಗಿದ್ದ ಯೋಜನೆ ಅವರನ್ನು ಅಲ್ಲಿಗೇ ಒಯ್ದು ಬಿಡುವ ಈ ವೈಪರೀತ್ಯವನ್ನು ತಗ್ಗಿಸಲು, ಇಡೀ ನಗರಕ್ಕೆ ಬದಲಾಗಿ ಅಂಚೆ ಪಿನ್ ಕೋಡ್ ಪ್ರದೇಶಕ್ಕೊಂದರಂತೆ ಬಾಡಿಗೆ ನಿಗದಿ ಮಾಡುವ ಕ್ರಮ ಡಲ್ಲಾಸ್‌ನಲ್ಲಿ ನ್ಯಾಯಾಲಯದ ವ್ಯಾಜ್ಯವೊಂದರ ಫಲವಾಗಿ ಬಂದು, 2018ರಿಂದ 24 ಮಹಾನಗರ ಪ್ರದೇಶಗಳಲ್ಲಿ ಕಡ್ಡಾಯವಾಯಿತು.

ನಿರಾಕರಣೆಯ ಪ್ರಮಾಣ ಎಷ್ಟು ಎಂಬುದನ್ನು ಅರ್ಬನ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನ ಸಂಸ್ಥೆ ಇಲಾಖೆಯ ಪರವಾಗಿ ಐದು ಪ್ರದೇಶಗಳಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿತು. ವೌಚರ್ ಮಿತಿಯೊಳಗೇ ಇರುವ ಮನೆಗಳ ಮಾಲೀಕರಿಗೆ ಫೋನ್ ಮಾಡಿ ವಿಚಾರಿಸಿದಾಗ, ಫೋರ್ಟ್ ವರ್ತ್‌ನಲ್ಲಿ ಶೇ 78, ಲಾಸ್ ಏಂಜಲಿಸ್‌ನಲ್ಲಿ ಶೇ 76, ಫಿಲಡೆಲ್ಫಿಯಾದಲ್ಲಿ ಶೇ 67ರಷ್ಟು ಮಂದಿ ವೌಚರ್ ಬೇಡವೆಂದರು. ನ್ಯೂವಾರ್ಕ್‌ನಲ್ಲಿ ಈ ಪ್ರಮಾಣ ಶೇ 31, ರಾಜಧಾನಿ ವಾಷಿಂಗ್ಟನ್ನಿನಲ್ಲಿ ಕೇವಲ ಶೇ 15. ಒಂದೇ ದೇಶದ ಒಂದೇ ಯೋಜನೆಗೆ ಇಷ್ಟು ಅಂತರದ ಉತ್ತರ ಬಂದಿರುವುದರಿಂದ, ಮಾಲೀಕರ ಪೂರ್ವಗ್ರಹವೊಂದೇ ಕಾರಣವೆಂಬ ವಾದವಾಗಲಿ, ಬಾಡಿಗೆದಾರರ ನಡತೆಯೇ ಕಾರಣವೆಂಬ ವಾದವಾಗಲಿ ಸಾಕಾಗುವುದಿಲ್ಲ.

ಮಾಲೀಕರ ದೂರುಗಳ ಪಟ್ಟಿಯಲ್ಲಿ ಬಾಡಿಗೆದಾರನಷ್ಟೇ ಮೇಲಿನ ಸ್ಥಾನದಲ್ಲಿ ಇರುವುದು ಸರ್ಕಾರಿ ಕಚೇರಿ ಎಂಬುದು ಸಂಶೋಧನೆಗಳಲ್ಲಿ ಪದೇ ಪದೇ ಕಾಣಸಿಗುವ ಸಂಗತಿ. ಮನೆ ಖಾಲಿಯಾದ ಕೂಡಲೇ ಸಾಮಾನ್ಯ ಬಾಡಿಗೆದಾರನೊಬ್ಬ ಬಂದರೆ ಎರಡು ಮೂರು ದಿನಗಳಲ್ಲಿ ಕೀಲಿ ಕೊಟ್ಟು ಬಾಡಿಗೆ ಎಣಿಸಿಕೊಳ್ಳಬಹುದು. ವೌಚರ್ ಬಾಡಿಗೆದಾರನಾದರೆ ಅರ್ಜಿ ನಮೂನೆ ತುಂಬಿ ಕೊಡಬೇಕು, ಕೇಳಿದ ಬಾಡಿಗೆ ನೆರೆಹೊರೆಯ ಅಂಥದೇ ಮನೆಗಳಿಗೆ ಹೋಲಿಸಿದರೆ ಸರಿಯಾದುದೇ ಎಂದು ಪ್ರಾಧಿಕಾರ ಪರಿಶೀಲಿಸಬೇಕು, ತಪಾಸಕ ಬಂದು ನೋಡಬೇಕು, ಕೊರತೆಯಿದ್ದರೆ ಸರಿಪಡಿಸಿ ಮತ್ತೆ ಕರೆಸಬೇಕು. ಅದೆಲ್ಲ ಮುಗಿಯುವವರೆಗಿನ ವಾರಗಳ ಬಾಡಿಗೆ ಮಾಲೀಕನಿಗೆ ನಷ್ಟವೇ. ತಪಾಸಣೆಯಲ್ಲಿ ಬಿಸಿ ವ್ಯವಸ್ಥೆ, ನೀರು, ಹೊಗೆ ಬಂದರೆ ಕೂಗುವ ಎಚ್ಚರಿಕೆ ಸಾಧನ, ಕಿಟಕಿ ಬಾಗಿಲುಗಳ ಚಿಲಕ, ವಿದ್ಯುತ್ ಸಂಪರ್ಕ, 1978ಕ್ಕೆ ಮೊದಲು ಕಟ್ಟಿದ ಮನೆಗಳಲ್ಲಿ ಚಿಕ್ಕ ಮಕ್ಕಳಿರುವಾಗ ಸೀಸವಿರಬಹುದಾದ ಬಣ್ಣ ಸುಲಿದುಹೋಗಿದೆಯೇ ಎಂಬುದು, ಹೀಗೆ ಅನೇಕ ಅಂಶಗಳನ್ನು ನೋಡುತ್ತಾರೆ. ಜೀವಕ್ಕೆ ಅಪಾಯವಿರುವ ಕೊರತೆಯನ್ನು 24 ಗಂಟೆಗಳಲ್ಲೂ ಉಳಿದವನ್ನು ಸಾಮಾನ್ಯವಾಗಿ 30 ದಿನಗಳಲ್ಲೂ ಸರಿಪಡಿಸದಿದ್ದರೆ ಪ್ರಾಧಿಕಾರ ತನ್ನ ಪಾಲನ್ನು ನಿಲ್ಲಿಸುತ್ತದೆ. ಈ ನಿಯಮಗಳು ಬಾಡಿಗೆದಾರನ ರಕ್ಷಣೆಗೆ ಅಗತ್ಯವಾದವು. ಇವಿಲ್ಲದಿದ್ದರೆ ಸರ್ಕಾರದ ಹಣ ಸೋರುವ ಮಾಡಿಗೂ ಇಲಿ ಬಿಲಕ್ಕೂ ಬಾಡಿಗೆಯಾಗಿ ಹೋಗುತ್ತಿತ್ತು. ತಪಾಸಕ ಬರಲು ಮೂರು ವಾರ ಹಿಡಿಯುವುದು ಮಾತ್ರ ಯಾರ ರಕ್ಷಣೆಗೂ ಅಗತ್ಯವಲ್ಲ.

ನಿರಾಕರಣೆಯನ್ನು ಕಾನೂನಿನಿಂದ ತಡೆಯುವ ದಾರಿಯೂ ಇದೆ. 1968ರ ಫೆಡರಲ್ ನ್ಯಾಯಯುತ ವಸತಿ ಕಾಯ್ದೆ ಇಂದು ವರ್ಣ, ಧರ್ಮ, ಲಿಂಗ, ಮೂಲ ದೇಶ, ಅಂಗವೈಕಲ್ಯ ಮೊದಲಾದ ಕಾರಣಗಳಿಗೆ ಮನೆ ನಿರಾಕರಿಸುವುದನ್ನು ನಿಷೇಧಿಸುತ್ತದೆಯಾದರೂ, ಬಾಡಿಗೆದಾರನ ಹಣ ಎಲ್ಲಿಂದ ಬರುತ್ತದೆ ಎಂಬ ಕಾರಣಕ್ಕೆ ನಿರಾಕರಿಸುವುದನ್ನು ಅದು ತಡೆಯುವುದಿಲ್ಲ. ಆ ಕೊರತೆಯನ್ನು ಹಲವು ರಾಜ್ಯಗಳು ತಮ್ಮ ಕಾನೂನುಗಳಿಂದ ತುಂಬಿಕೊಂಡಿವೆ. ಮ್ಯಾಸಚೂಸೆಟ್ಸ್ 1970ರ ದಶಕದ ಆರಂಭದಲ್ಲೇ ದಾರಿ ತೋರಿತು, ನ್ಯೂಯಾರ್ಕ್ ರಾಜ್ಯ 2019ರಲ್ಲಿ, ಕ್ಯಾಲಿಫೋರ್ನಿಯಾ 2020ರ ಜನವರಿಯಿಂದ ಇದನ್ನು ಜಾರಿಗೆ ತಂದವು. ಟೆಕ್ಸಾಸ್ ಹಿಡಿದದ್ದು ಇದಕ್ಕೆ ತದ್ವಿರುದ್ಧ ದಾರಿ: ಆಸ್ಟಿನ್ ನಗರಸಭೆ 2014ರಲ್ಲಿ ಇಂಥ ನಿಯಮ ಮಾಡಿದೊಡನೆ, ಮರುವರ್ಷ ರಾಜ್ಯ ಶಾಸನಸಭೆ ಮಾಜಿ ಸೈನಿಕರಿಗೆ ಸಂಬಂಧಿಸಿದ ವಿನಾಯಿತಿಯನ್ನು ಉಳಿಸಿ, ಯಾವ ನಗರವೂ ವೌಚರ್ ಒಪ್ಪಲೇಬೇಕೆಂದು ಮಾಲೀಕರನ್ನು ಕಟ್ಟುಪಾಡಿಗೆ ಒಳಪಡಿಸಕೂಡದೆಂದು ಕಾನೂನು ಮಾಡಿತು. ಕಾನೂನು ಇದ್ದಲ್ಲಿಯೂ ತಪ್ಪಿಸಿಕೊಳ್ಳುವ ದಾರಿಗಳು ಹೊಳೆಯುತ್ತವೆ. ಬಾಡಿಗೆಯ ಮೂರರಷ್ಟು ಆದಾಯ ಬೇಕು, ಇಂತಿಷ್ಟು ಕ್ರೆಡಿಟ್ ಸ್ಕೋರ್ ಬೇಕು ಎಂಬ ಷರತ್ತುಗಳನ್ನು ಎಲ್ಲರಿಗೂ ಸಮನಾಗಿ ವಿಧಿಸಿದರೆ ವೌಚರ್ ಎಂಬ ಪದವನ್ನು ಎತ್ತದೆಯೇ ವೌಚರ್‌ದಾರರನ್ನು ದೂರವಿಡಬಹುದು. ಆದ್ದರಿಂದ ಕ್ಯಾಲಿಫೋರ್ನಿಯಾ ಆದಾಯದ ಷರತ್ತನ್ನು ಬಾಡಿಗೆದಾರನ ಸ್ವಂತ ಪಾಲಿಗೆ ಮಾತ್ರ ಅನ್ವಯಿಸಬೇಕೆಂದೂ, 2024ರಿಂದ ಕ್ರೆಡಿಟ್ ಇತಿಹಾಸಕ್ಕೆ ಬದಲಾಗಿ ಬಾಡಿಗೆ ಕಟ್ಟುವ ಸಾಮರ್ಥ್ಯಕ್ಕೆ ಬೇರೆ ಪುರಾವೆ ಕೊಡುವ ಅವಕಾಶ ನೀಡಬೇಕೆಂದೂ ವಿಧಿಸಿತು.

ಬೀದಿಯಿಂದ ಬರುವ ಬಾಡಿಗೆದಾರನ ವಿಷಯದಲ್ಲಿ ಮಾಲೀಕರ ಆತಂಕ ಇವೆಲ್ಲಕ್ಕಿಂತ ಬೇರೆ ಬಗೆಯದು, ಅದನ್ನು ಬರಿಯ ಪೂರ್ವಗ್ರಹವೆಂದು ತಳ್ಳಿಹಾಕುವುದೂ ಸರಿಯಲ್ಲ. ವರ್ಷಗಳ ಕಾಲ ಹೊರಗೆ ಮಲಗಿದವರಲ್ಲಿ ಮಾನಸಿಕ ಕಾಯಿಲೆ, ಕುಡಿತ ಅಥವಾ ಮಾದಕವಸ್ತುವಿನ ಚಟ ಇರುವವರೂ ಇದ್ದಾರೆ, ಅವೇನೂ ಇಲ್ಲದೆ ಬರಿಯ ಬಾಡಿಗೆ ಏರಿಕೆಯಿಂದ ಬೀದಿಗೆ ಬಿದ್ದವರೂ ಇದ್ದಾರೆ. ಅರ್ಜಿಯ ಮೇಲೆ ಕಣ್ಣಾಡಿಸುವ ಮಾಲೀಕನಿಗೆ ಇವರಿಬ್ಬರ ನಡುವಿನ ವ್ಯತ್ಯಾಸ ಕಾಣುವುದಿಲ್ಲ. ಮನೆ ಸಿಕ್ಕ ಮೊದಲ ತಿಂಗಳುಗಳಲ್ಲಿ ಎದುರಾಗುವ ತೊಂದರೆಗಳನ್ನು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಚೆನ್ನಾಗಿ ಬಲ್ಲರು. ಅವುಗಳಲ್ಲಿ ಸಾಮಾನ್ಯವಾದದ್ದೊಂದು ಅತಿಥಿಗಳ ಸಮಸ್ಯೆ: ಬೀದಿಯಲ್ಲಿ ಒಬ್ಬರಿಗೊಬ್ಬರು ಕಾವಲಾಗಿದ್ದ ಗೆಳೆಯರು ಚಳಿಯಲ್ಲಿ ಬಾಗಿಲು ಬಡಿದರೆ ಇಲ್ಲವೆನ್ನುವುದು ಹೊಸದಾಗಿ ಮನೆ ಕಂಡವನಿಗೆ ಸುಲಭವಲ್ಲ, ಕರಾರಿನಲ್ಲಿ ಹೆಸರಿಲ್ಲದವರು ಬಂದು ಉಳಿದರೆ ಅದು ಮನೆ ಖಾಲಿ ಮಾಡಿಸಲು ಸಾಕಾಗುವ ಉಲ್ಲಂಘನೆ. ಗುಂಪಿನಲ್ಲಿ ಬದುಕಿದವನಿಗೆ ನಾಲ್ಕು ಗೋಡೆಗಳ ನಡುವಿನ ಒಂಟಿತನ ಸಹಿಸುವುದೂ ಕಠಿಣ. ಇಂಥ ಸಂದರ್ಭದಲ್ಲಿ ಪಕ್ಕದ ಮನೆಯವರಿಂದ ದೂರು ಬಂದರೆ ಮಾಲೀಕನಿಗಿರುವ ಆಯ್ಕೆ ಎರಡೇ, ಸುಮ್ಮನಿರುವುದು ಅಥವಾ ನ್ಯಾಯಾಲಯಕ್ಕೆ ಹೋಗುವುದು. ನ್ಯಾಯಾಲಯದ ತೆರವು ಆದೇಶ ಒಮ್ಮೆ ದಾಖಲೆಗೆ ಸೇರಿತೆಂದರೆ ಮುಂದಿನ ಮನೆ ಸಿಗುವುದು ಇನ್ನೂ ಕಷ್ಟ.

ಮೂರನೆಯ ಆಯ್ಕೆಯೊಂದನ್ನು ಸೃಷ್ಟಿಸಿದ್ದು 'ಹೌಸಿಂಗ್ ಫಸ್ಟ್' ಎಂಬ ಕಾರ್ಯವಿಧಾನ. ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭಿಸಿದ 'ಪಾತ್‌ವೇಸ್ ಟು ಹೌಸಿಂಗ್' ಸಂಸ್ಥೆ, ಮೊದಲು ಚಟ ಬಿಡಬೇಕು, ಚಿಕಿತ್ಸೆ ಪಡೆಯಬೇಕು, ಆಮೇಲೆ ಮನೆ ಎಂಬ ಅಂದಿನ ಕ್ರಮವನ್ನು ತಿರುಗಿಸಿ, ಮೊದಲು ಮನೆ, ಉಳಿದೆಲ್ಲ ಆ ಮನೆಯೊಳಗಿಂದ ಎಂದಿತು. ಈ ವಿಧಾನದಲ್ಲಿ ಮನೆಗಳು ಹೆಚ್ಚಾಗಿ ಖಾಸಗಿ ಮಾಲೀಕರವೇ ಆಗಿದ್ದು, ಬಾಡಿಗೆಯ ಜೊತೆಗೆ ಕೇಸ್ ಮ್ಯಾನೇಜರ್ ಎನ್ನುವ ಸಹಾಯಕರೊಬ್ಬರು ಇರುತ್ತಾರೆ; ವೈದ್ಯರ ಭೇಟಿ, ಭತ್ಯೆಯ ಅರ್ಜಿ, ಮನೆಗೆಲಸ, ನೆರೆಯವರೊಡನೆ ಹೊಂದಾಣಿಕೆ ಇವುಗಳಲ್ಲಿ ಬಾಡಿಗೆದಾರನಿಗೆ ನೆರವಾಗುವುದು ಅವರ ಕೆಲಸ. ಕೆನಡಾ 2009ರಿಂದ 2013ರವರೆಗೆ ವ್ಯಾಂಕೂವರ್, ವಿನಿಪೆಗ್, ಟೊರಾಂಟೊ, ಮಾಂಟ್ರಿಯಲ್ ಮತ್ತು ಮಾಂಕ್ಟನ್ ನಗರಗಳಲ್ಲಿ ಸುಮಾರು 2,000 ಜನರನ್ನು ಒಳಗೊಂಡು ನಡೆಸಿದ ಪ್ರಯೋಗದಲ್ಲಿ, ಈ ವಿಧಾನದಡಿ ಮನೆ ಪಡೆದವರು ಇತರ ಸೇವೆಗಳನ್ನು ಮಾತ್ರ ಪಡೆದವರಿಗಿಂತ ಗಣನೀಯವಾಗಿ ಹೆಚ್ಚು ಕಾಲ ಮನೆಯಲ್ಲಿ ಉಳಿದದ್ದು ದೃಢಪಟ್ಟಿತು. ಚಟ ಅಥವಾ ಮಾನಸಿಕ ಆರೋಗ್ಯದ ವಿಷಯದಲ್ಲಿ ಫಲ ಅಷ್ಟು ಸ್ಪಷ್ಟವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಹೌಸಿಂಗ್ ಫಸ್ಟ್‌ನ ಟೀಕಾಕಾರರು ಬೆರಳಿಟ್ಟು ತೋರಿಸುವುದು ಇದನ್ನೇ.

ಮಾಲೀಕನ ದೃಷ್ಟಿಯಿಂದ ನೋಡಿದರೆ ಕೇಸ್ ಮ್ಯಾನೇಜರ್ ಎಂದರೆ ಮುಖ್ಯವಾಗಿ ಕರೆ ಮಾಡಿದರೆ ಎತ್ತುವ ಒಂದು ಫೋನ್. ರಾತ್ರಿ ಹನ್ನೊಂದಕ್ಕೆ ಗಲಾಟೆಯಾದರೆ, ಬಾಡಿಗೆದಾರನ ಪಾಲು ಎರಡನೆಯ ತಿಂಗಳೂ ಬಾರದಿದ್ದರೆ, ನಲ್ಲಿ ತೆರೆದಿಟ್ಟು ಕೆಳಗಿನ ಮನೆಗೆ ನೀರು ಇಳಿದರೆ ಯಾರಿಗೆ ಹೇಳಬೇಕೆಂಬುದು ಗೊತ್ತಿದ್ದಾಗ, ಮಾಲೀಕನಿಗೆ ಬಾಡಿಗೆದಾರನ ಹಿನ್ನೆಲೆಯ ಬಗ್ಗೆ ಇರುವ ಭಯ ಬಹುಮಟ್ಟಿಗೆ ಕರಗುತ್ತದೆ. ಸರ್ಕಾರದ ಆಯವ್ಯಯದಲ್ಲಿ ವೌಚರ್‌ಗೆ ದೊರೆಯುವ ಹಣಕ್ಕೂ ಇಂಥ ಸೇವೆಗೆ ದೊರೆಯುವ ಹಣಕ್ಕೂ ಹೊಂದಿಕೆಯಿಲ್ಲದಿರುವುದೇ ಯೋಜನೆಯ ದೊಡ್ಡ ದೌರ್ಬಲ್ಯ: ಸಾಮಾನ್ಯ ವೌಚರ್ ಬಾಡಿಗೆಯನ್ನು ಮಾತ್ರ ಕೊಡುತ್ತದೆ, ಸಹಾಯಕರನ್ನು ಬೇರೆಲ್ಲಿಂದಲೋ ಹೊಂದಿಸಿಕೊಳ್ಳಬೇಕು. ಇವೆರಡನ್ನೂ ಒಟ್ಟಿಗೆ ಹೆಣೆದಿರುವುದು ಮಾಜಿ ಸೈನಿಕರಿಗಾಗಿ 1992ರಲ್ಲಿ ಸಣ್ಣದಾಗಿ ಆರಂಭವಾಗಿ 2008ರಿಂದ ವಿಸ್ತರಿಸಿದ, ಹಡ್-ವ್ಯಾಶ್ ಎಂಬ ಹ್ರಸ್ವನಾಮದ ಯೋಜನೆ. ಅದರಲ್ಲಿ ವಸತಿ ಇಲಾಖೆ ವೌಚರ್ ಕೊಟ್ಟರೆ, ಮಾಜಿ ಸೈನಿಕರ ಇಲಾಖೆ ಕೇಸ್ ಮ್ಯಾನೇಜರ್‌ರನ್ನೂ ಆಸ್ಪತ್ರೆಯ ಸೇವೆಯನ್ನೂ ಒದಗಿಸುತ್ತದೆ. 2010ರಲ್ಲಿ 74,087 ಇದ್ದ ವಸತಿಹೀನ ಮಾಜಿ ಸೈನಿಕರ ಸಂಖ್ಯೆ 2024ರಲ್ಲಿ 32,882ಕ್ಕೆ ಇಳಿದಿದೆ. ದೇಶದ ಒಟ್ಟು ಸಂಖ್ಯೆ ದಾಖಲೆ ಮಟ್ಟಕ್ಕೆ ಏರಿದ ವರ್ಷದಲ್ಲಿಯೇ ಈ ಒಂದು ವರ್ಗದ ಸಂಖ್ಯೆ ಅದುವರೆಗಿನ ಅತಿ ಕೆಳಗಿನ ಮಟ್ಟದಲ್ಲಿತ್ತು.

ಇನ್ನು ಹಾನಿಯ ಪ್ರಶ್ನೆ. ಇಲ್ಲಿ ಯೋಜನೆಯ ಇತಿಹಾಸದಲ್ಲಿ ಮರೆತುಹೋದ ಅಧ್ಯಾಯವೊಂದಿದೆ: 1990ರ ದಶಕದ ಮಧ್ಯದವರೆಗೆ ಬಾಡಿಗೆದಾರ ಬಿಟ್ಟುಹೋದ ಬಾಕಿಗೂ ಮನೆಗೆ ಮಾಡಿದ ಹಾನಿಗೂ ಸ್ಥಳೀಯ ಪ್ರಾಧಿಕಾರದಿಂದ ಒಂದು ಮಿತಿಯೊಳಗೆ ಪರಿಹಾರ ಕೇಳುವ ಅವಕಾಶ ಮಾಲೀಕರಿಗಿತ್ತು. ಖರ್ಚು ತಗ್ಗಿಸುವ ಉತ್ಸಾಹದಲ್ಲಿ ಅದನ್ನು ಫೆಡರಲ್ ಸರ್ಕಾರ ಕೈಬಿಟ್ಟಿತು. ಅದೇ ಕಾಲದಲ್ಲಿ ಮಾಲೀಕರಿಗೆ ಅನುಕೂಲವಾಗುವಂತೆ, ಒಬ್ಬ ವೌಚರ್ ಬಾಡಿಗೆದಾರನನ್ನು ಸೇರಿಸಿಕೊಂಡವರು ಮುಂದೆ ಬರುವ ಇತರ ವೌಚರ್‌ದಾರರನ್ನು ನಿರಾಕರಿಸುವಂತಿಲ್ಲವೆಂಬ 1987ರ ನಿಯಮವನ್ನು 1996ರಲ್ಲಿ ತಡೆಹಿಡಿದು 1998ರಲ್ಲಿ ಪೂರ್ತಿ ರದ್ದುಮಾಡಲಾಯಿತು. ಸರ್ಕಾರ ಕೈಬಿಟ್ಟ ಪರಿಹಾರವನ್ನು ಎರಡು ದಶಕಗಳ ನಂತರ ರಾಜ್ಯಗಳು ಮತ್ತು ನಗರಗಳು ಬೇರೆ ಹೆಸರಿನಲ್ಲಿ ಮತ್ತೆ ಕಟ್ಟಿಕೊಳ್ಳಬೇಕಾಯಿತು. ಆರೆಗನ್ ರಾಜ್ಯ ವೌಚರ್ ನಿರಾಕರಣೆಯನ್ನು 2014ರಿಂದ ನಿಷೇಧಿಸುವಾಗಲೇ ಮಾಲೀಕರಿಗಾಗಿ ಖಾತರಿ ನಿಧಿಯೊಂದನ್ನು ತೆರೆಯಿತು. ನೆರೆಯ ವಾಷಿಂಗ್ಟನ್ ರಾಜ್ಯ 2018ರಲ್ಲಿ 5,000 ಡಾಲರ್‌ವರೆಗೆ ಪರಿಹಾರ ನೀಡುವ ನಿಧಿಯನ್ನು ಸ್ಥಾಪಿಸಿತು. ನಿಷೇಧವನ್ನೂ ಖಾತರಿಯನ್ನೂ ಒಟ್ಟಿಗೆ ತಂದ ಈ ಕ್ರಮ ವಿವೇಕದ್ದು, ಏಕೆಂದರೆ ಒಪ್ಪಲೇಬೇಕೆಂದು ಕಾನೂನು ಹೇಳಿದ ಮೇಲೆ ಒಪ್ಪಿದ್ದರಿಂದಾಗುವ ನಷ್ಟದಲ್ಲಿ ಸಮಾಜವೂ ಪಾಲುಗೊಳ್ಳುವುದು ನ್ಯಾಯ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಹ್ಯೂಸ್ಟನ್. ಟೆಕ್ಸಾಸ್‌ನ ಕಾನೂನಿನಿಂದಾಗಿ ಮಾಲೀಕರನ್ನು ಕಟ್ಟುಪಾಡಿಗೆ ಒಳಪಡಿಸುವ ಅಧಿಕಾರ ಆ ನಗರಕ್ಕಿಲ್ಲ. ಆದರೂ ನಗರ, ಕೌಂಟಿ ಮತ್ತು ನೂರಕ್ಕೂ ಹೆಚ್ಚು ಸೇವಾ ಸಂಸ್ಥೆಗಳು ಒಂದೇ ಯೋಜನೆಯಡಿ ಸೇರಿ, ಮಾಲೀಕರೊಡನೆ ಮಾತನಾಡಲೆಂದೇ ಸಿಬ್ಬಂದಿಯನ್ನು ಇಟ್ಟು, ಖಾಲಿ ಮನೆಗಳನ್ನು ಮುಂಚಿತವಾಗಿ ಗೊತ್ತುಮಾಡಿಕೊಂಡು 2011ರಿಂದ ಈಚೆಗೆ ವಸತಿಹೀನರ ಸಂಖ್ಯೆಯನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿವೆ. ಕಠಿಣ ಕಾನೂನಿರುವ ಲಾಸ್ ಏಂಜಲಿಸ್‌ನಲ್ಲಿ, ಮನೆಯನ್ನು ಕಾಯ್ದಿರಿಸಿದ ದಿನಗಳಿಗೂ ಹಣ ಕೊಡುವ ಪ್ರೋತ್ಸಾಹಧನದ ಯೋಜನೆಯಿದ್ದೂ, ವೌಚರ್ ಹಿಡಿದವರು ತಿಂಗಳುಗಟ್ಟಲೆ ಅಲೆಯುತ್ತಾರೆ. ಮನವೊಲಿಸುವಿಕೆ ಕಾನೂನಿಗಿಂತ ಮೇಲು ಎಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಹ್ಯೂಸ್ಟನ್‌ನಲ್ಲಿ ಹೊಸ ಮನೆ ಕಟ್ಟುವುದು ಸುಲಭ, ಬಾಡಿಗೆ ಮನೆಗಳು ಖಾಲಿ ಬೀಳುತ್ತವೆ, ಖಾಲಿ ಮನೆಯಿರುವ ಮಾಲೀಕ ಮಾತುಕತೆಗೆ ಸಿದ್ಧನಿರುತ್ತಾನೆ. ಲಾಸ್ ಏಂಜಲಿಸ್‌ನಲ್ಲಿ ಒಂದು ಮನೆಗೆ ಹತ್ತು ಅರ್ಜಿ ಬರುವಾಗ ಹನ್ನೊಂದನೆಯದನ್ನು ನೋಡುವ ಅಗತ್ಯ ಯಾರಿಗೂ ಇಲ್ಲ. ವಸತಿಹೀನತೆಯ ಪ್ರಮಾಣ ನಗರದಿಂದ ನಗರಕ್ಕೆ ಬದಲಾಗುವುದಕ್ಕೆ ಚಟ ಅಥವಾ ಬಡತನದ ಪ್ರಮಾಣಕ್ಕಿಂತ ಬಾಡಿಗೆಯ ಮಟ್ಟ ಮತ್ತು ಖಾಲಿ ಮನೆಗಳ ಲಭ್ಯತೆಯೇ ಉತ್ತಮ ವಿವರಣೆ ಎಂದು ಗ್ರೆಗ್ ಕೋಲ್ಬರ್ನ್ ಮತ್ತು ಕ್ಲೇಟನ್ ಪೇಜ್ ಆಲ್ಡರ್ನ್ 2022ರ ತಮ್ಮ ಗ್ರಂಥದಲ್ಲಿ ವಾದಿಸಿರುವುದು ಈ ಹಿನ್ನೆಲೆಯಲ್ಲಿ ಗಮನಾರ್ಹ.

ಮಾಲೀಕರ ಒಪ್ಪಿಗೆಯನ್ನು ಗಳಿಸುವ ಬಗ್ಗೆ ಕಲಿತ ಪಾಠಗಳೆಲ್ಲ ಒಂದೆಡೆ ಸೇರಿದ್ದು 2021ರ ಕೋವಿಡ್ ಪರಿಹಾರ ಕಾಯ್ದೆಯಡಿ 500 ಕೋಟಿ ಡಾಲರ್ ವೆಚ್ಚದಲ್ಲಿ ರೂಪುಗೊಂಡ ತುರ್ತು ವಸತಿ ವೌಚರ್ ಯೋಜನೆಯಲ್ಲಿ. ವಸತಿಹೀನರಿಗೂ, ವಸತಿ ಕಳೆದುಕೊಳ್ಳುವ ಅಂಚಿನಲ್ಲಿದ್ದವರಿಗೂ, ಮನೆಯೊಳಗಿನ ಹಿಂಸೆಯಿಂದ ತಪ್ಪಿಸಿಕೊಂಡು ಬಂದವರಿಗೂ ಮೀಸಲಾದ 70,000 ವೌಚರ್‌ಗಳ ಜೊತೆಗೆ, ಪ್ರತಿ ವೌಚರ್‌ಗೆ 3,500 ಡಾಲರಿನಂತೆ ಸೇವಾ ವೆಚ್ಚವನ್ನೂ ಪ್ರಾಧಿಕಾರಗಳಿಗೆ ನೀಡಲಾಯಿತು. ಈ ಹಣದಿಂದ ಮುಂಗಡ ಠೇವಣಿ ಕಟ್ಟಬಹುದಿತ್ತು, ಮನೆ ಹುಡುಕಿಕೊಡುವ ಸಿಬ್ಬಂದಿಯನ್ನು ನೇಮಿಸಬಹುದಿತ್ತು, ಒಪ್ಪಿದ ಮಾಲೀಕನಿಗೆ ಪ್ರೋತ್ಸಾಹಧನ ಕೊಡಬಹುದಿತ್ತು. ಈ ನೆರವು ದಶಕದ ಕೊನೆಯವರೆಗೂ ನಡೆಯಬಹುದೆಂಬ ನಿರೀಕ್ಷೆಯ ಮೇಲೆ ಎಷ್ಟೋ ಮಾಲೀಕರು ಮೊದಲ ಬಾರಿಗೆ ಇಂಥ ಬಾಡಿಗೆದಾರರಿಗೆ ಮನೆ ಕೊಟ್ಟರು. ಬಾಡಿಗೆಗಳು ಎಣಿಸಿದ್ದಕ್ಕಿಂತ ವೇಗವಾಗಿ ಏರಿದ್ದರಿಂದ ನಿಧಿ ಬೇಗನೆ ಕರಗಿ, 2026ರ ಹೊತ್ತಿಗೆ ಹಣ ಮುಗಿಯುತ್ತದೆಂದು ಇಲಾಖೆ 2025ರ ಮಾರ್ಚ್‌ನಲ್ಲಿ ಪ್ರಾಧಿಕಾರಗಳಿಗೆ ತಿಳಿಸಿತು. ಅದೇ ವರ್ಷದ ಜುಲೈನಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ ಹೌಸಿಂಗ್ ಫಸ್ಟ್‌ಗೆ ಸರ್ಕಾರ ನೀಡುತ್ತಿದ್ದ ಬೆಂಬಲವನ್ನು ಹಿಂತೆಗೆಯುವಂತೆ ಸೂಚಿಸಿತು.

ಪ್ರಾಧಿಕಾರಗಳು ತುರ್ತು ವೌಚರ್ ಪಡೆದ ಕುಟುಂಬಗಳನ್ನು ಸಾಮಾನ್ಯ ವೌಚರ್‌ಗೆ ವರ್ಗಾಯಿಸಲು ಯತ್ನಿಸುತ್ತಿವೆಯಾದರೂ, ಆ ಸರದಿಯಲ್ಲಿ ಈಗಾಗಲೇ ನಿಂತಿರುವವರ ಸಂಖ್ಯೆ ಅಲ್ಪವಲ್ಲ. ಬಾಡಿಗೆ ನೆರವಿಗೆ ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಒಂದಕ್ಕೆ ಮಾತ್ರ ಅದು ದೊರೆಯುತ್ತಿದೆ. ಮಾಲೀಕರು ಸಹಿ ಹಾಕಿದ ಒಪ್ಪಂದದಲ್ಲಿ, ಹಣ ಸಾಲದೆ ಹೋದರೆ ಪ್ರಾಧಿಕಾರ ಸಂದಾಯವನ್ನು ಕೊನೆಗೊಳಿಸಬಹುದೆಂಬ ಷರತ್ತು ಮೊದಲಿನಿಂದಲೂ ಇದೆ. ಒಪ್ಪಂದ ಕೊನೆಗೊಂಡರೆ ಅದರೊಡನೆ ಬಾಡಿಗೆ ಕರಾರೂ ತಾನಾಗಿ ಕೊನೆಗೊಳ್ಳುತ್ತದೆ. ಪೂರ್ತಿ ಬಾಡಿಗೆಗೆ ಹೊಸ ಕರಾರು ಮಾಡಿಕೊಳ್ಳುವಂತೆ, ಮೇಲಿನ ಉದಾಹರಣೆಯಲ್ಲಿ 300 ಡಾಲರ್ ಕಟ್ಟುತ್ತಿದ್ದಂಥ ಬಾಡಿಗೆದಾರನನ್ನು ಕೇಳುವುದೋ, ಮನೆ ಖಾಲಿ ಮಾಡಿಸುವುದೋ ಎಂಬುದು ಮತ್ತೆ ಮಾಲೀಕನೇ ತೀರ್ಮಾನಿಸಬೇಕಾದ ವಿಷಯವಾಗುತ್ತದೆ.